ಮೂಟೆಯ ಅಡಿಗೆ ಕೈ ಹಾಕಿದವರು

ಬಾಯಿಯ ಕ್ಯಾನ್ಸರಿನ ಬಗ್ಗೆ ಮಾತನಾಡುವವರು ನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಮಾತನಾಡಲೇಬೇಕು, ತಪ್ಪಿಲ್ಲ. ಆದರೆ ಕ್ಯಾನ್ಸರ್ ಅಲ್ಲದ, ಕ್ಯಾನ್ಸರಿನ ವೇಷ ಹಾಕಿಕೊಂಡು ಬಂದು ವೈದ್ಯರನ್ನೂ ರೋಗಿಯನ್ನೂ ಒಟ್ಟಿಗೇ ಹೆದರಿಸುವ, ಎಷ್ಟೋ ವರ್ಷಕ್ಕೊಮ್ಮೆ ಕಾಣಸಿಗುವ ನಿರಪಾಯದ ಗಡ್ಡೆಗಳನ್ನು ಅರಿಯುವುದಕ್ಕೆ ತಮ್ಮ ದುಡಿಮೆಯ ದಿನಗಳನ್ನೆಲ್ಲ ಮೀಸಲಿಟ್ಟವರು ವಿರಳ. ಹೆಬ್ಬಾಳದ ಆಚೆಗಿರುವ ನಮ್ಮ ದಂತ ವೈದ್ಯಕೀಯ ಕಾಲೇಜಿನ ಬಾಯಿ ರೋಗಶಾಸ್ತ್ರ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದು, ಅದರಲ್ಲಿ ಹದಿನೆಂಟು ವರ್ಷ ಮುಖ್ಯಸ್ಥರಾಗಿದ್ದು, ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ಬಿ. ಎಂ. ಗಂಗರತ್ನಮ್ಮನವರು ಅಂಥ ವಿರಳರಲ್ಲಿ ಒಬ್ಬರು. ಗಡ್ಡೆಯ ಒಂದು ಚೂರು ಅವರ ಸೂಕ್ಷ್ಮದರ್ಶಕದ ಕೆಳಗೆ ಬರುತ್ತದೆ. ಅದು ಕೆಟ್ಟದ್ದೋ ಅಲ್ಲವೋ ಎಂದು ಅವರು ಹೇಳಬೇಕು. ಅವರ ಒಂದು ಮಾತಿನ ಮೇಲೆ ಯಾರದೋ ದವಡೆ, ಯಾರದೋ ತುಟಿ, ಯಾರದೋ ನಾಲಿಗೆ ಉಳಿಯುತ್ತದೆ ಅಥವಾ ಹೋಗುತ್ತದೆ.

ಈ ಅಭಿನಂದನಾ ಸಂಪುಟದ ಸಂಪಾದಕರು ನನಗೆ ಪತ್ರ ಬರೆದು, ಮೇಡಂ ಅವರ ಗುಣಗಳನ್ನು ವಿಸ್ತಾರವಾಗಿ ವರ್ಣಿಸಬೇಕೆಂದು ಕೋರಿದ್ದಾರೆ. ವರ್ಣನೆಗೂ ಮೇಡಂ ಅವರಿಗೂ ಎಣ್ಣೆ ಸೀಗೇಕಾಯಿ. ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಾಗ ನಾನು ಬರೆದ ಮೊದಲ ವರದಿಯಲ್ಲಿ ‘ಅತ್ಯಂತ ಸ್ಪಷ್ಟವಾದ’ ಎಂಬ ಮಾತನ್ನು ಅವರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, “ಸ್ಪಷ್ಟವಾಗಿದ್ರೆ ಓದಿದೋರಿಗೆ ಗೊತ್ತಾಗುತ್ತೆ, ನೀನ್ ಹೇಳೋದೇನು?” ಎಂದಿದ್ದರು. ಆದ್ದರಿಂದ ವಿಶೇಷಣಗಳನ್ನು ಬದಿಗಿಟ್ಟು, ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ನಡೆದದ್ದರಲ್ಲಿ ನನ್ನ ಒಂದು ತಪ್ಪೂ ಇದೆ. ಹನ್ನೊಂದು ವರ್ಷ ಅದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ.

ಮೇಡಂ ಹುಟ್ಟಿದ್ದು ಬ್ಯಾಟರಾಯನಪುರದ ಹಳೆಯ ಒಕ್ಕಲು ಮನೆತನದಲ್ಲಿ. ತಂದೆ ಮುನಿಗಂಗಪ್ಪನವರು ದ್ರಾಕ್ಷಿ ಬೆಳೆಯುತ್ತಿದ್ದ ಜಮೀನಿನ ಮೇಲೆ ಕಾಲಕ್ರಮದಲ್ಲಿ ರಸ್ತೆ ಬಂತು, ರಸ್ತೆಯ ಬದಿಗೆ ಕಟ್ಟಡ ಬಂತು. ಮಗಳು ದಂತವೈದ್ಯೆಯಾದಾಗ ನೆಲಮಹಡಿಯ ಒಂದು ಮಳಿಗೆಯನ್ನು ಆಕೆಗೆಂದೇ ಖಾಲಿ ಇಟ್ಟು, ಬೋರ್ಡು ಕೂಡ ಬರೆಸಿದ್ದರಂತೆ. ಮಗಳು ಬೋರ್ಡನ್ನು ನೋಡಿ ನಕ್ಕು, ರೋಗಶಾಸ್ತ್ರ ಓದಲು ಹೋದರು. ಹಲ್ಲು ಕೀಳುವ ಡಾಕ್ಟರಿಗೆ ಊರಲ್ಲಿ ನಮಸ್ಕಾರ ಸಿಗುತ್ತದೆ, ಕತ್ತಲೆಕೋಣೆಯಲ್ಲಿ ಗಾಜು ನೋಡುವವಳಿಗೆ ಏನು ಸಿಗುತ್ತದೆ ಎಂದು ನೆಂಟರು ಬಹಳ ದಿನ ಕೊರಗಿದರು. ಆ ಮಳಿಗೆಯಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಬೋರ್ಡು ಮೇಡಂ ಅವರ ಮನೆಯ ಅಟ್ಟದ ಮೇಲಿದೆ ಎಂದು ಕೇಳಿದ್ದೇನೆ.

ನಾನು ಅವರ ವಿಭಾಗಕ್ಕೆ ಬಂದದ್ದು ಎರಡು ಸಾವಿರದ ಹತ್ತರಲ್ಲಿ. ಗೊರಗುಂಟೆಪಾಳ್ಯದ ನಮ್ಮ ಮನೆಯಲ್ಲಿ ಮಾತು ದಖನಿ ಉರ್ದು, ಓದಿದ್ದು ಕನ್ನಡ ಶಾಲೆ. ನಮ್ಮ ಬೀದಿಯಲ್ಲಿ ಅಷ್ಟು ಓದಿದ ಹೆಣ್ಣುಮಕ್ಕಳು ಇರಲಿಲ್ಲ. ಸಂಜೆ ತಡವಾಗುತ್ತದೆಂದು ನನ್ನ ತಾಯಿ ಮಲ್ಕಾ ತಕರಾರು ತೆಗೆದಾಗ, ಮೇಡಂ ಒಂದು ಭಾನುವಾರ ಹೇಳದೆ ಕೇಳದೆ ಮನೆಗೆ ಬಂದು, ಅಮ್ಮಿ ಕೊಟ್ಟ ಚಹಾ ಕುಡಿದು, “ನಿಮ್ಮ ಮಗಳು ಐದೂವರೆ ಬಸ್ ಹತ್ತೋದು ನನ್ನ ಜವಾಬ್ದಾರಿ ಕಣ್ರೀ” ಎಂದರು. ಮೂರು ವರ್ಷ, ಗಡಿಯಾರ ನೋಡಿ, ಐದೂಕಾಲಿಗೆ ನನ್ನನ್ನು ಗದರಿಸಿ ಎಬ್ಬಿಸುತ್ತಿದ್ದರು. ರಂಜಾನಿನಲ್ಲಿ ಅದು ನಾಲ್ಕೂಕಾಲು ಆಗುತ್ತಿತ್ತು. ಮುಂದೆ ನನ್ನ ಮಗಳು ಐಮನ್ ಹೊಟ್ಟೆಯಲ್ಲಿದ್ದಾಗ, ಚೂರುಗಳನ್ನು ನೆನೆಹಾಕುವ ಫಾರ್ಮಲಿನ್ನಿನ ವಾಸನೆ ಬಸುರಿಗೆ ಒಳ್ಳೆಯದಲ್ಲವೆಂದು ಏಳು ತಿಂಗಳು ನನ್ನ ಪಾಲಿನ ಕೊಯ್ಯುವ ಕೆಲಸವನ್ನೆಲ್ಲ ತಾವೇ ಮಾಡಿದರು. ವಿಭಾಗದ ಮುಖ್ಯಸ್ಥೆ ಫಾರ್ಮಲಿನ್ನಿನ ಬಕೆಟ್ಟಿನ ಮುಂದೆ ನಿಂತಿದ್ದನ್ನು ಕಂಡು ಹಲವರು ಹುಬ್ಬೇರಿಸಿದರು.

ಅವರದೊಂದು ಪದ್ಧತಿ ಇತ್ತು. ಗಾಜಿನ ಮೇಲೆ ಎಷ್ಟೇ ಚೆನ್ನಾಗಿ ಕಾಣಲಿ, ಕೆಟ್ಟ ಗಡ್ಡೆ ಎಂದು ಬರೆಯುವ ಮುನ್ನ ಆ ರೋಗಿಯ ಬಾಯಿಯನ್ನು ಕಣ್ಣಾರೆ ನೋಡಿ, ಬೆರಳಿಟ್ಟು ಮುಟ್ಟಿ ಬರಬೇಕು. ಬೇರೆ ಕಾಲೇಜುಗಳಲ್ಲಿ ಇದನ್ನು ಕೇಳಿ ನಗುತ್ತಾರೆ. ರೋಗಶಾಸ್ತ್ರದವರು ರೋಗಿಯ ಬಳಿ ಹೋಗುವುದು ಎಲ್ಲಾದರೂ ಉಂಟೇ? ನಮ್ಮಲ್ಲಿ ಉಂಟು. ನಮ್ಮ ಪ್ರಯೋಗಾಲಯ ನೆಲಮಾಳಿಗೆಯಲ್ಲಿ, ರೋಗಿಗಳು ಮೇಲೆ. ನಡುವೆ ನಲವತ್ತನಾಲ್ಕು ಮೆಟ್ಟಿಲು. ಮೊಣಕಾಲು ನೋವಿದ್ದರೂ ಮೇಡಂ ದಿನಕ್ಕೆ ನಾಲ್ಕೈದು ಸಲ ಹತ್ತುತ್ತಿದ್ದರು. “ಚೂರು ಸುಳ್ಳು ಹೇಳಲ್ಲ, ಆದ್ರೆ ಅದಕ್ಕೆ ಗೊತ್ತಿರೋದೂ ಚೂರೇ” ಎಂಬುದು ಅವರ ಮಾತು.

ಎರಡು ಸಾವಿರದ ಹದಿನಾಲ್ಕರ ಜುಲೈನಲ್ಲಿ ನಾನು ಆ ಮೆಟ್ಟಿಲುಗಳನ್ನು ಹತ್ತಲಿಲ್ಲ.

ಆಗ ನಾನು ಅಧ್ಯಾಪಕಿಯಾಗಿ ಒಂದು ವರ್ಷ ಆಗಿತ್ತು, ಸಹಿ ಮಾಡುವ ಅಧಿಕಾರ ಹೊಸದಾಗಿ ಬಂದಿತ್ತು, ಅದರ ಜೊತೆಗೆ ಸ್ವಲ್ಪ ಕೊಬ್ಬೂ ಬಂದಿತ್ತು. ಮೇಡಂ ಪರೀಕ್ಷಕರಾಗಿ ಹುಬ್ಬಳ್ಳಿಗೆ ಹೋಗಿದ್ದರು. ಒಬ್ಬ ರೋಗಿಯ ನಾಲಿಗೆಯ ಚೂರು ನನ್ನ ಮೇಜಿಗೆ ಬಂತು. ಮೇಲಿನ ಪೊರೆ ಬೆರಳು ಬೆರಳಾಗಿ ಕೆಳಗೆ ಇಳಿದಿತ್ತು; ಪುಸ್ತಕದಲ್ಲಿ ನಾಲಿಗೆಯ ಕ್ಯಾನ್ಸರಿನ ಚಿತ್ರ ಹೇಗಿರುತ್ತದೋ ಹಾಗೆಯೇ. ಶಸ್ತ್ರಚಿಕಿತ್ಸಾ ವಿಭಾಗದ ಡಾ. ವಿಜಯ್ ಕುಮಾರ್ ಅವರು ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದರು. ನಾನು ಕ್ಯಾನ್ಸರ್ ಎಂದು ಬರೆದು, ಸಹಿ ಹಾಕಿ, ಮೇಲೆ ಕಳಿಸಿ, ಊಟದ ಡಬ್ಬಿ ತೆರೆದೆ. ಆ ನಾಲಿಗೆ ಯಾರದೆಂದು ವಿಚಾರಿಸಬೇಕೆಂದು ಕೂಡ ನನಗೆ ಅನ್ನಿಸಲಿಲ್ಲ.

ಅದು ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಹರಾಜು ಕೂಗುವ ಚಿಕ್ಕಹನುಮಯ್ಯನವರ ನಾಲಿಗೆ. ಇಪ್ಪತ್ತೆಂಟು ವರ್ಷದಿಂದ ಅವರ ಕಸುಬು ಅದೊಂದೇ: ರಾಶಿಯ ಮುಂದೆ ನಿಂತು ದರ ಏರಿಸುತ್ತಾ ಹೋಗಿ, ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದು ಕೂಗಿ ಮುಗಿಸುವುದು. ಮೂರನೇ ಸಾರಿ ಎಂದರೆ ಮುಗಿಯಿತು. ಮಾಲು ಕೊಂಡವನದು, ಬ್ರಹ್ಮ ಬಂದರೂ ಬದಲಿಲ್ಲ. ನನ್ನ ವರದಿಯ ಬಲದ ಮೇಲೆ ಅವರ ನಾಲಿಗೆಯ ಬಲ ಅರ್ಧವನ್ನೂ ಕತ್ತಿನ ಗ್ರಂಥಿಗಳನ್ನೂ ತೆಗೆಯುವುದೆಂದು ಬರುವ ಬುಧವಾರಕ್ಕೆ ನಿಶ್ಚಯವಾಯಿತು.

ಸೋಮವಾರ ಬೆಳಿಗ್ಗೆ ಮೇಡಂ ಬಂದವರೇ, ತಾವಿಲ್ಲದಾಗ ಹೋದ ವರದಿಗಳ ಸ್ಲೈಡುಗಳನ್ನೆಲ್ಲ ತರಿಸಿ ಒಂದೊಂದಾಗಿ ನೋಡಿದರು. ಅದು ಅವರ ರೂಢಿ. ಈ ಸ್ಲೈಡಿನ ಮುಂದೆ ಮಾತ್ರ ಇಪ್ಪತ್ತು ನಿಮಿಷ ಕುಳಿತರು. ಆಮೇಲೆ ತಲೆ ಎತ್ತಿ, “ತಸ್ನೀಮ್, ನೀವು ಈ ಬಾಯಿ ನೋಡಿದ್ರಾ?” ಎಂದು ಕೇಳಿದರು. ಮೇಡಂ ನನ್ನನ್ನು ‘ನೀವು’ ಎಂದರೆ ಕೋಪ ಬಂದಿದೆ ಎಂದೇ ಲೆಕ್ಕ. ಇಲ್ಲ ಎಂದೆ. “ಏಳಿ” ಎಂದರು.

ನಲವತ್ತನಾಲ್ಕು ಮೆಟ್ಟಿಲು ಅವತ್ತು ನನಗೆ ಬೆಟ್ಟವಾಯಿತು. ವಾರ್ಡಿನಲ್ಲಿ ಚಿಕ್ಕಹನುಮಯ್ಯನವರು ಗೋಡೆಗೆ ಒರಗಿ ಕುಳಿತಿದ್ದರು, ಪಕ್ಕದಲ್ಲಿ ಮಗಳು ರಾಧಾಮಣಿ. ಮೇಡಂ ಕೈಗವಸು ತೊಟ್ಟು ಅವರ ನಾಲಿಗೆಯನ್ನು ಹಿಡಿದು, ಬಲ ಅಂಚಿನ ಗಂಟನ್ನು ಬೆರಳಿನಿಂದ ಒತ್ತಿ, ಹೊರಳಿಸಿ ನೋಡಿದರು. ಅಡಿಕೆಯಷ್ಟು ಗಂಟು, ಮೇಲೆ ನುಣ್ಣಗಿತ್ತು, ಹುಣ್ಣಿರಲಿಲ್ಲ. ಕತ್ತಿನಲ್ಲಿ ಊತವಿರಲಿಲ್ಲ. ಎಷ್ಟು ದಿನದಿಂದ ಇದೆ ಎಂದು ಕೇಳಿದರು.

“ಎಲ್ಡ್ ವರ್ಸ ಆಯ್ತು ಮೇಡಮ್ನೋರೆ. ಇಂಗೇ ಅದೆ. ಬೆಳೆಯಾಕೂ ಇಲ್ಲ, ಓಗಾಕೂ ಇಲ್ಲ,” ಎಂದರು ಅವರು. ಬೀಡಿ, ಹೊಗೆಸೊಪ್ಪು, ಗುಟ್ಕಾ ಯಾವುದೂ ಇಲ್ಲವಂತೆ. ಗಂಟಲು ಕೆಡುತ್ತದೆಂದು ಐಸ್ ನೀರನ್ನೂ ಮುಟ್ಟುತ್ತಿರಲಿಲ್ಲವಂತೆ.

ಹೊರಗೆ ಬಂದ ಮೇಲೆ ಮೇಡಂ, “ಎರಡು ವರ್ಷ ಇಷ್ಟು ಮರ್ಯಾದಸ್ಥನ ಹಾಗೆ ಕೂತಿರೋ ಕ್ಯಾನ್ಸರ್‌ನ ನಾನ್ ನೋಡಿಲ್ಲ” ಎಂದರು. ಅವರ ಅನುಮಾನ ಏನೆಂದು ನನಗೆ ಆಗಲೇ ಹೊಳೆಯಿತು. ಗ್ರಾನ್ಯುಲರ್ ಸೆಲ್ ಟ್ಯೂಮರ್ ಎಂಬ ಒಂದು ಅಪರೂಪದ ಗಡ್ಡೆ ಇದೆ. ಅದರ ಜೀವಕೋಶಗಳೊಳಗೆ ಚಿರೋಟಿ ರವೆ ತುಂಬಿಟ್ಟ ಹಾಗೆ ಕಾಣುವುದರಿಂದ ನಮ್ಮ ಪ್ರಯೋಗಾಲಯದಲ್ಲಿ ಅದಕ್ಕೆ ರವೆಗಡ್ಡೆ ಎಂದೇ ಹೆಸರು. ಅದು ಪೊರೆಯ ಕೆಳಗೆ ಅಡಗಿ ಕುಳಿತಿರುತ್ತದೆ, ಯಾರಿಗೂ ಏನೂ ಕೇಡು ಮಾಡುವುದಿಲ್ಲ. ಆದರೆ ಅದರ ಕಾಟಕ್ಕೆ ಮೇಲಿನ ಪೊರೆ ಬೆರಳು ಬೆರಳಾಗಿ ಕೆಳಗಿಳಿಯುತ್ತದೆ. ಬರೀ ಮೇಲಿನಿಂದ ತೆಗೆದ ಚೂರನ್ನು ನೋಡಿದವರು ಆ ಬೆರಳುಗಳನ್ನು ಮಾತ್ರ ಕಂಡು ಕ್ಯಾನ್ಸರ್ ಎನ್ನುತ್ತಾರೆ. ಈ ತಪ್ಪು ಮಾಡಲು ನಮ್ಮ ಶಾಸ್ತ್ರವನ್ನು ಓದಿರಲೇಬೇಕು. ಓದದವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ನಾನು ಚೆನ್ನಾಗಿಯೇ ಓದಿದ್ದೆ.

ನಮ್ಮ ತಂತ್ರಜ್ಞ ದಾಸಪ್ಪನವರು, ಈಗ ಅವರೂ ನಿವೃತ್ತರು, ಮೇಣದಲ್ಲಿ ಹುದುಗಿಸಿಟ್ಟ ಆ ಚೂರಿನಲ್ಲಿ ಉಳಿದದ್ದನ್ನು ಉಸಿರು ಬಿಗಿಹಿಡಿದು ಕೊಯ್ದರು. ಕೊನೆಯ ಎರಡು ಪದರಗಳ ಕೆಳ ಅಂಚಿನಲ್ಲಿ ರವೆಯಂಥ ನಾಲ್ಕಾರು ಕೋಶಗಳು ಕಂಡೂ ಕಾಣದಂತೆ ಇದ್ದವು. ಅಷ್ಟರ ಮೇಲೆ ಪ್ರಮಾಣ ಮಾಡುವ ಹಾಗಿರಲಿಲ್ಲ. ಆಳವಾಗಿ ಇನ್ನೊಂದು ಚೂರು ತೆಗೆಯಬೇಕು, ವಿಶೇಷ ಬಣ್ಣದ ಪರೀಕ್ಷೆಗೆ ಕಳಿಸಬೇಕು, ವಾರ ಬೇಕು. ಮೇಡಂ ನನ್ನನ್ನು ಕರೆದುಕೊಂಡು ಶಸ್ತ್ರಚಿಕಿತ್ಸಾ ವಿಭಾಗಕ್ಕೆ ನಡೆದರು.

ಡಾ. ವಿಜಯ್ ಕುಮಾರ್ ಅವರು ಕೆಟ್ಟವರಲ್ಲ; ತಡವಾಗಿ ಬಂದ ರೋಗಿಗಳು ಸಾಯುವುದನ್ನು ಕಂಡು ಕಂಡು ಅವಸರವನ್ನೇ ಧರ್ಮ ಮಾಡಿಕೊಂಡವರು. “ಮೇಡಂ, ಕ್ಯಾನ್ಸರ್ ಅಂತ ನಿಮ್ ಡಿಪಾರ್ಟ್‌ಮೆಂಟೇ ಸಹಿ ಹಾಕಿ ಕಳಿಸಿದೆ. ಈಗ ವಾರ ಕಾಯಿ ಅಂತೀರಿ. ನಿಜವಾಗ್ಲೂ ಕ್ಯಾನ್ಸರೇ ಆಗಿದ್ರೆ ಯಾರ್ ಜವಾಬ್ದಾರಿ?” ಎಂದರು. “ನಾನು,” ಎಂದರು ಮೇಡಂ. ಬಾಯಿಮಾತು ಸಾಲದೆಂದು ಡಾಕ್ಟರು ಹೇಳಿದಾಗ, ಮೇಡಂ ಅಲ್ಲೇ ಇದ್ದ ಹಾಳೆಯ ಮೇಲೆ ಹಾಗೆಂದು ಬರೆದು, ಹೆಸರು ಹಾಕಿ, ಅವರ ಮೇಜಿನ ಮೇಲಿಟ್ಟರು. ಮೇಡಂ ತಪ್ಪಿದ್ದರೆ ಆ ಹಾಳೆ ಅವರನ್ನು ಮುಗಿಸುತ್ತಿತ್ತು, ಅದಕ್ಕೂ ಮೊದಲು ಚಿಕ್ಕಹನುಮಯ್ಯನವರನ್ನು ಮುಗಿಸುತ್ತಿತ್ತು. ನಾನು ಬಾಗಿಲ ಬಳಿ ನಿಂತು ನನ್ನ ಬಳೆ ತಿರುಗಿಸುತ್ತಿದ್ದೆ.

ಉಳಿದದ್ದು ರೋಗಿಯ ಒಪ್ಪಿಗೆ. ರಾಧಾಮಣಿ ಕೆಂಡಾಮಂಡಲವಾದಳು. ಆಕೆಯ ಕೋಪದಲ್ಲಿ ತಪ್ಪೇನಿತ್ತು? “ಮೊನ್ನೆ ಕ್ಯಾನ್ಸರ್ ಅಂದ್ರಿ, ಇವತ್ತು ಅಲ್ದೇ ಇರ್ಬೋದು ಅಂತೀರಿ, ಮತ್ತೆ ಕುಯ್ತೀನಿ ಅಂತೀರಿ. ನಮ್ಮಪ್ಪನ ನಾಲ್ಗೆ ಏನ್ ನಿಮ್ಗೆ ಆಟದ್ ಸಾಮಾನಾ? ಮಾತು ಹೋದ್ರೆ ಹೋಗ್ಲಿ, ನನಗೆ ಅಪ್ಪ ಬೇಕು. ಬುಧವಾರನೇ ತೆಗ್ದುಬಿಡಿ,” ಎಂದು ಅಳತೊಡಗಿದಳು. ಮೇಡಂ ಆಕೆಯನ್ನು ಸಮಾಧಾನ ಮಾಡಲು ಹೋಗಲಿಲ್ಲ. ಕುರ್ಚಿ ಎಳೆದು ಚಿಕ್ಕಹನುಮಯ್ಯನವರ ಎದುರು ಕುಳಿತು, “ನಾವು ಮೇಲ್ ಮೇಲೆ ನೋಡಿ ಹೇಳ್ಬಿಟ್ವಿ. ಅಡಿಯಲ್ಲಿ ಏನಿದೆ ಅಂತ ನೋಡಿಲ್ಲ. ತಪ್ಪು ನಮ್ದು. ಅಡಿ ನೋಡೋಕೆ ಒಂದ್ ವಾರ ಕೊಡ್ತೀರಾ?” ಎಂದರು.

ಆ ಮನುಷ್ಯ ಮಗಳ ಕಡೆ ತಿರುಗಿ ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

“ಅಳ್ಬೇಡ ಕಣವ್ವ. ಮೂಟೆ ಬಾಯಾಗೆ ದಪ್ಪ ಈರುಳ್ಳಿ ಮಡಗಿರ್ತಾರೆ, ಅಡೀನಾಗೆ ಏನಿರ್ತದೋ. ಅಡಿಗಂಟ ಕೈ ಆಕಿ ನೋಡ್ದೆ ನಾನ್ ಒಂದ್ ದಿವ್ಸಾನೂ ಮೂರ್ನೇ ಸಾರಿ ಕೂಗಿಲ್ಲ. ಈ ತಾಯೀನೂ ಅದನ್ನೇ ಏಳ್ತಾವ್ರೆ. ನೋಡ್ಲಿ ಬುಡು.”

ಮೂಟೆಯ ಅಡಿಗೆ ಕೈ ಹಾಕದೆ ಮೂರನೇ ಸಾರಿ ಕೂಗಿದ್ದು ನಾನು. ಓದಿದ್ದೇನೆಂಬ ನನ್ನ ಜಂಬವೆಲ್ಲ ಆ ಒಂದು ಮಾತಿಗೆ ಇಳಿದುಹೋಯಿತು. ನನಗೆ ನಾಚಿಕೆಯಾಯಿತು, ಅಲ್ಲಿಯೇ ನಿಂತು ಅತ್ತುಬಿಟ್ಟೆ, ಮೇಡಂ ನನ್ನ ಕಡೆ ನೋಡಲಿಲ್ಲ.

ಆಳದ ಚೂರು ಬಂತು. ಬಣ್ಣದ ಪರೀಕ್ಷೆಯ ಸ್ಲೈಡು ಬರಲು ಆರು ದಿನ ಹಿಡಿಯಿತು. ಆ ಆರು ದಿನ ಮೇಡಂ ಎಂದಿನಂತೆ ಪಾಠ ಮಾಡಿದರು, ಎಂದಿನಂತೆ ಮೊಸರನ್ನ ತಿಂದರು, ದಿನಕ್ಕೆರಡು ಸಲ ಚಿಕ್ಕಹನುಮಯ್ಯನವರ ಕತ್ತು ಮುಟ್ಟಿ ನೋಡಿ ಬಂದರು. ನನಗೆ ಅನ್ನ ಸೇರುತ್ತಿರಲಿಲ್ಲ. ಏಳನೆಯ ದಿನ ಸ್ಲೈಡನ್ನು ಅವರು ತಾವು ನೋಡದೆ ನನ್ನ ಕೈಗೆ ಕೊಟ್ಟು, “ನೀನೇ ನೋಡಮ್ಮ” ಎಂದರು. ನೋಡಿದೆ. ಅಂಚಿನಿಂದ ಅಂಚಿನವರೆಗೆ ರವೆ.

ಬರೀ ಆ ಗಂಟನ್ನು, ಸುತ್ತ ಒಂದಿಷ್ಟು ಅಂಚು ಸೇರಿಸಿ, ಡಾ. ವಿಜಯ್ ಕುಮಾರ್ ಅವರೇ ನಾಜೂಕಾಗಿ ತೆಗೆದರು. ಮೂರು ವಾರ ಮಾತನಾಡಬೇಡಿ ಎಂದಿದ್ದಕ್ಕೆ ಚಿಕ್ಕಹನುಮಯ್ಯನವರು ಹದಿನಾಲ್ಕು ದಿನ ಕಷ್ಟಪಟ್ಟು ಸುಮ್ಮನಿದ್ದು, ಹದಿನೈದನೆಯ ದಿನ ಮಾರುಕಟ್ಟೆಗೆ ಹೋಗಿ ಕೂಗಿದರು. ವಿಷಯ ತಿಳಿದು ಮೇಡಂ ಬೈದದ್ದನ್ನು ಇಲ್ಲಿ ಅಚ್ಚು ಹಾಕಿಸುವಂತಿಲ್ಲ.

ಕಥೆ ಇಷ್ಟಕ್ಕೇ ಮುಗಿದಿದ್ದರೆ ಅದು ಒಬ್ಬ ವೈದ್ಯೆಯ ಜಾಣತನದ ಕಥೆಯಾಗುತ್ತಿತ್ತು. ಮುಂದಿನ ತಿಂಗಳು ಕಾಲೇಜಿನ ಸಭೆಯಲ್ಲಿ, ಆ ಮೊದಲ ವರದಿಗೆ ಸಹಿ ಹಾಕಿದವರು ಯಾರೆಂದು ಪ್ರಶ್ನೆ ಬಂತು. ವರದಿಯಲ್ಲಿ ನನ್ನ ಗೀಚು ಸಹಿ, ಕೆಳಗೆ ವಿಭಾಗದ ಮೊಹರು ಮಾತ್ರ. ನಾನು ಎದ್ದು ನಿಲ್ಲಬೇಕಿತ್ತು. ಮೇಡಂ ಅದಕ್ಕೆ ಮೊದಲೇ ನಿಂತು, “ವರದಿ ವಿಭಾಗದ್ದು, ವಿಭಾಗ ನನ್ನದು. ಮುಂದಿನ ವಿಷಯಕ್ಕೆ ಹೋಗೋಣ” ಎಂದರು. ಆ ಒಂದು ವರ್ಷ ಹಲವರು ತಮ್ಮ ರೋಗಿಗಳ ಚೂರುಗಳನ್ನು ನಮ್ಮಲ್ಲಿಗೆ ಕಳಿಸದೆ ಹೊರಗೆ ಕಳಿಸಿದರು. ಪ್ರಾಂಶುಪಾಲ ಹುದ್ದೆಗೆ ಮೇಡಂ ಅವರ ಹೆಸರು ಅದುವರೆಗೆ ಎಲ್ಲರ ಬಾಯಲ್ಲಿತ್ತು. ಅದಾದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ನಾನು ಕ್ಷಮೆ ಕೇಳಲು ಹೋದಾಗ, “ನಿನ್ ಕೆಲಸದ ವಯಸ್ಸು ಒಂದು ವರ್ಷ, ನಂದು ಇಪ್ಪತ್ತೆರಡು. ಈ ಏಟು ನನಗೆ ತಡೆಯುತ್ತೆ, ನಿನಗೆ ತಡೆಯಲ್ಲ. ಹೋಗಿ ಸ್ಲೈಡ್ ನೋಡು” ಎಂದರು. ನಾನು ಹೋದೆ. ಹನ್ನೊಂದು ವರ್ಷ ಸುಮ್ಮನೇ ಇದ್ದೆ. ಸುಮ್ಮನಿರುವುದು ಅಷ್ಟು ಸುಲಭವಾಗಿ ಅಭ್ಯಾಸವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಆ ಮೊದಲ ಸ್ಲೈಡನ್ನು ಮೇಡಂ ಎಸೆಯಲಿಲ್ಲ. ಪ್ರತಿವರ್ಷ ಹೊಸ ತಂಡ ಬಂದಾಗ, ಏನೂ ಹೇಳದೆ, ಅದನ್ನು ಎಲ್ಲರ ಮುಂದಿಡುತ್ತಿದ್ದರು. ಪ್ರತಿವರ್ಷ ಹುಡುಗರು ಹುಡುಗಿಯರು ಉತ್ಸಾಹದಿಂದ ಕ್ಯಾನ್ಸರ್ ಎನ್ನುತ್ತಿದ್ದರು. ಮೇಡಂ ಈರುಳ್ಳಿ ಮೂಟೆಯ ಕಥೆ ಹೇಳುತ್ತಿದ್ದರು. ಸಹಿ ಹಾಕಿದ್ದು ಯಾರೆಂದು ಯಾರಾದರೂ ಕೇಳಿದರೆ, “ವಿಭಾಗ” ಎನ್ನುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಪುಸ್ತಕ ತಿರುವುತ್ತಿದ್ದೆ. ಈ ನಾಡಿನ ಹತ್ತಾರು ಆಸ್ಪತ್ರೆಗಳಲ್ಲಿ ಇಂದು ಕೆಲಸ ಮಾಡುತ್ತಿರುವ ಅವರ ಶಿಷ್ಯರಿಗೆಲ್ಲ ಆ ಸ್ಲೈಡು ಗೊತ್ತು, ಸಹಿ ಯಾರದೆಂದು ಗೊತ್ತಿಲ್ಲ.

ಹೋದ ತಿಂಗಳು ಮೇಡಂ ತಮ್ಮ ಕಪಾಟಿನ ಬೀಗದ ಕೈಯನ್ನೂ ಆ ಸ್ಲೈಡನ್ನೂ ನನ್ನ ಮೇಜಿನ ಮೇಲಿಟ್ಟು, “ಇನ್ಮೇಲೆ ಈ ಪಾಠ ನಿಂದು” ಎಂದರು. ಹಾಗೆಯೇ ಆಯಿತು. ಈ ಸಾಲಿನ ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಕ್ಯಾನ್ಸರ್ ಎಂದರು. ಮೂಟೆಯ ಕಥೆ ಹೇಳಿದೆ. ಅರ್ಬಾಜ್ ಎಂಬ ಚುರುಕು ಬಾಯಿಯ ವಿದ್ಯಾರ್ಥಿ, “ಮೇಡಂ, ಅಷ್ಟು ದೊಡ್ ಯಡವಟ್ಟು ಮಾಡಿದ್ದು ಯಾರು?” ಎಂದು ಕೇಳಿದ. “ನಾನು,” ಎಂದೆ. ಎಲ್ಲರನ್ನೂ ಎಬ್ಬಿಸಿಕೊಂಡು ನಲವತ್ತನಾಲ್ಕು ಮೆಟ್ಟಿಲು ಹತ್ತಿಸಿದೆ.

ಈಗ ಅಚ್ಚಿನಲ್ಲೂ ಹೇಳುತ್ತಿದ್ದೇನೆ. ಆ ಸಹಿ ನನ್ನದು, ತಸ್ನೀಮಳದು. ಡಾ. ಗಂಗರತ್ನಮ್ಮನವರದಲ್ಲ, ವಿಭಾಗದ್ದೂ ಅಲ್ಲ. ಈ ಲೇಖನದ ಕರಡು ಮೇಡಂ ಅವರ ಕೈಗೆ ಹೋಗುತ್ತದೆಂದು ನನಗೆ ಗೊತ್ತು, ಕೆಂಪು ಪೆನ್ನು ಅವರ ಬ್ಯಾಗಿನಲ್ಲಿದೆಯೆಂದೂ ಗೊತ್ತು. ಮೇಡಂ, ವಿಶೇಷಣಗಳೇನಾದರೂ ಉಳಿದಿದ್ದರೆ ಧಾರಾಳವಾಗಿ ಹೊಡೆದುಹಾಕಿ. ಸಹಿಯ ಈ ಸಾಲನ್ನು ಮಾತ್ರ ಮುಟ್ಟಬೇಡಿ; ಮುಟ್ಟಿದರೆ ಬೀಳ್ಕೊಡುಗೆ ಸಮಾರಂಭದ ವೇದಿಕೆಯ ಮೇಲೆ ಮೈಕಿನಲ್ಲಿ ಹೇಳುತ್ತೇನೆ.

ಅವರು ಆರೋಗ್ಯವಾಗಿ ನೂರು ಕಾಲ ಬಾಳಲಿ, ಮೊಣಕಾಲುಗಳು ಮೆಟ್ಟಿಲುಗಳ ಮೇಲಿನ ಮುನಿಸು ಮರೆಯಲಿ, ವಾರಕ್ಕೆರಡು ದಿನ ಬಂದು ನಮ್ಮನ್ನು ಗದರಿಸುತ್ತಿರಲಿ ಎಂಬುದು ನನ್ನ ಪ್ರಾರ್ಥನೆ. ಇದನ್ನು ಇನ್ನೂ ಚೆನ್ನಾಗಿ ಹೇಳಿದವರು ಬೇರೆ ಇದ್ದಾರೆ. ಸಮಾರಂಭದ ಆಹ್ವಾನ ಕೊಡಲು ಮೊನ್ನೆ ಬೆಳಿಗ್ಗೆ ಯಶವಂತಪುರದ ಮಾರುಕಟ್ಟೆಗೆ ಹೋಗಿದ್ದೆ. ಚಿಕ್ಕಹನುಮಯ್ಯನವರು ಈರುಳ್ಳಿ ರಾಶಿಯ ಮುಂದೆ ನಿಂತಿದ್ದರು. ಕೂದಲು ಬೆಳ್ಳಗಾಗಿದೆ, ದನಿ ಹಾಗೆಯೇ ಇದೆ. ಪತ್ರವನ್ನು ಓದಿಸಿಕೊಂಡು, ನಿವೃತ್ತಿ ಎಂದರೆ ಏನೆಂದು ಎರಡು ಸಲ ಕೇಳಿ ತಿಳಿದುಕೊಂಡರು. ಆಮೇಲೆ ವರ್ತಕರು, ಹಮಾಲರು, ಲಾರಿಯವರು ಎಲ್ಲರೂ ಇತ್ತ ತಿರುಗುವಂತೆ ಕೈ ಮೇಲೆತ್ತಿ, ಪೂರಾ ನಾಲಿಗೆಯಿಂದ ಕೂಗಿದರು: “ನಮ್ ಡಾಕ್ಟ್ರಮ್ಮಾರ್ ಕೆಲ್ಸ ಮುಗೀತಂತೆ ಕಣ್ರಪ್ಪೋ. ಒಂದ್ ಸಾರಿ... ಎಲ್ಡ್ ಸಾರಿ...”

ಎಲ್ಲರೂ ಕಾದರು. ಅವರು ಕೈ ಇಳಿಸಿ, ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು, ಪಕ್ಕದ ರಾಶಿಗೆ ನಡೆದರು.